ಸರ್ದಾರ್ ಪಣಿಕ್ಕರರೂ ನಮ್ಮ ಗಡಿಯ ಲೆಕ್ಕವೂ

ಚಿಕ್ಕಲಸಂದ್ರದಲ್ಲಿ ನೆಲಸಿರುವ ಉಪಾಧ್ಯಾಯ ಮಿತ್ರರೊಬ್ಬರು, ಮೂಲತಃ ಕಾಸರಗೋಡು ಸೀಮೆಯವರು, ನಮ್ಮ ಮುಂದೊಂದು ಪ್ರಶ್ನೆಯನ್ನು ಇಟ್ಟಿದ್ದಾರೆ. ಕಾಸರಗೋಡು ಕೇರಳಕ್ಕೆ ಸೇರತಕ್ಕದ್ದೆಂದು ಬರೆದ ವರದಿಗೆ ಸಹಿ ಮಾಡಿದ ಮಹಾಶಯರನ್ನೇ, ಎಂಟು ವರ್ಷ ತುಂಬುವುದರೊಳಗೆ, ಕನ್ನಡನಾಡಿನ ಹಿರಿಯ ವಿಶ್ವವಿದ್ಯಾನಿಲಯವು ತನ್ನ ಉಪಕುಲಪತಿಯ ಪೀಠದಲ್ಲಿ ಕುಳ್ಳಿರಿಸಿಕೊಂಡಿತಲ್ಲ. ಇದು ನಮ್ಮವರ ಔದಾರ್ಯವೋ, ಮರೆವೋ?

ಪ್ರಶ್ನೆಯು ಹಳೆಯದೆಂದು ತಳ್ಳಿಹಾಕುವಂತಿಲ್ಲ. ಕರ್ನಾಟಕದ ಏಕೀಕರಣವು ೧೯೫೬ನೆಯ ನವೆಂಬರ್ ೧ರಂದು ಕೈಗೂಡಿತೆಂದು ನಾವು ವರ್ಷವರ್ಷವೂ ಬಾವುಟವೇರಿಸಿ ಹಬ್ಬವಾಚರಿಸುತ್ತೇವೆ. ಆದರೆ ಚಂದ್ರಗಿರಿ ಹೊಳೆಯ ಬಡಗಣ ದಡದವರಿಗೆ ಅದೇ ದಿನವು ಅಗಲಿಕೆಯ ದಿನ. ಆ ಎರಡು ಫಲಗಳೂ ಒಂದೇ ಕಾಗದದಿಂದ ಹುಟ್ಟಿದವು. ಆ ಕಾಗದದ ಕೆಳಗೆ ಮೂವರ ಹೆಸರುಗಳಿವೆ. ಫಜಲ್ ಅಲಿ, ಹೃದಯನಾಥ ಕುಂಜ್ರು, ಕಾವಾಲಂ ಮಾಧವ ಪಣಿಕ್ಕರ್. ಈ ಮೂರನೆಯವರ ಜೀವನವನ್ನು ಸ್ವಲ್ಪ ನಿಧಾನವಾಗಿ ನೋಡದೆ ಮಿತ್ರರಿಗೆ ಉತ್ತರ ಹೇಳುವುದು ಸಾಧ್ಯವಿಲ್ಲ.

ಪಣಿಕ್ಕರರು ೧೮೯೫ರಲ್ಲಿ ತಿರುವಾಂಕೂರು ಸಂಸ್ಥಾನದ ಕಾವಾಲಂ ಎಂಬಲ್ಲಿ ಹುಟ್ಟಿದವರು. ಆಕ್ಸ್‌ಫರ್ಡಿನಲ್ಲಿ ಇತಿಹಾಸವನ್ನು ಓದಿ, ವಕೀಲಿಯ ಪದವಿಯನ್ನೂ ಪಡೆದು ಮರಳಿದರು; ಅಲೀಗಢದ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿದರು. ದಿಲ್ಲಿಯಲ್ಲಿ ೧೯೨೪ರಲ್ಲಿ ಹಿಂದೂಸ್ತಾನ್ ಟೈಮ್ಸ್ ಪತ್ರಿಕೆಯು ಹೊರಟಾಗ ಅದರ ಮೊದಲ ಸಂಪಾದಕರಾದರು. ಅಲ್ಲಿಂದ ರಾಜಮಹಾರಾಜರ ಮಂಡಲದ ಕಚೇರಿ, ಪಟಿಯಾಲಾ, ಬಿಕಾನೇರ್. ಬಿಕಾನೇರಿನ ದಿವಾನರಾಗಿದ್ದಾಗಲೇ ದೇಶಕ್ಕೆ ಸ್ವಾತಂತ್ರ್ಯವು ಹತ್ತಿರ ಬಂದಿತು. ಹಿಂದೆಮುಂದೆ ನೋಡುತ್ತಿದ್ದ ಅನೇಕ ಸಂಸ್ಥಾನಗಳ ನಡುವೆ ಬಿಕಾನೇರ್ ಬೇಗನೆ ರಾಜ್ಯಾಂಗ ಸಭೆಯನ್ನು ಸೇರಿತು. ಮುಂದೆ ಚೀಣಾ, ಈಜಿಪ್ಟ್, ಫ್ರಾನ್ಸ್ ದೇಶಗಳಲ್ಲಿ ರಾಯಭಾರ, ನಡುವೆ ರಾಜ್ಯ ಪುನರ್ವಿಂಗಡಣಾ ಆಯೋಗ, ಬಳಿಕ ರಾಜ್ಯಸಭೆಯಲ್ಲಿ ನಾಮಕರಣದ ಸ್ಥಾನ, ಕೊನೆಗೆ ವಿಶ್ವವಿದ್ಯಾನಿಲಯ. ಅಧ್ಯಾಪಕ, ಪತ್ರಕರ್ತ, ದಿವಾನ, ರಾಯಭಾರಿ, ಇತಿಹಾಸಕಾರ ಎಂಬ ಐದು ವೇಷಗಳನ್ನು ಒಬ್ಬನೇ ತೊಟ್ಟು, ಒಂದರಲ್ಲಿಯೂ ತೀರ ಸಪ್ಪೆಯಾಗದವರು ನಮ್ಮ ದೇಶದಲ್ಲಿ ವಿರಳ.

ಇಂಥ ಬಹುಮುಖ ವ್ಯವಸಾಯದ ಬಗ್ಗೆ ನಮ್ಮವರಲ್ಲಿ ಎರಡು ಬಗೆಯ ಅಭಿಪ್ರಾಯಗಳು ರೂಢಿಯಲ್ಲಿವೆ. ಕೆಲವರು ಬೆರಗಾಗಿ ಕೈಮುಗಿಯುತ್ತಾರೆ. ಮತ್ತೆ ಕೆಲವರು, ಹತ್ತು ಬಾವಿಗಳನ್ನು ಮೊಳಮೊಳದಷ್ಟೇ ಅಗೆದವನಿಗೆ ನೀರು ಎಲ್ಲಿಯದು ಎಂದು ಮೂಗು ಮುರಿಯುತ್ತಾರೆ. ನಮ್ಮ ಮಟ್ಟಿಗೆ ಎರಡೂ ಅವಸರದ ಮಾತುಗಳೆ. ಒಂದು ಕಸುಬಿನಿಂದ ಮತ್ತೊಂದಕ್ಕೆ ಹೋಗುವಾಗ ಮನುಷ್ಯನು ಹಿಂದಿನದರಿಂದ ಏನನ್ನು ಹೊತ್ತು ತಂದನು, ಏನನ್ನು ಹೊಸ್ತಿಲಾಚೆ ಬಿಡಲಾರದೆ ಹೋದನು ಎಂಬುದೇ ನೋಡತಕ್ಕ ಸಂಗತಿ. ಪಣಿಕ್ಕರರ ವಿಷಯದಲ್ಲಿ ಈ ಎರಡಕ್ಕೂ ಒಳ್ಳೆಯ ನಿದರ್ಶನಗಳಿವೆ.

ಮೊದಲು ಗುಣದ ಕಡೆಯನ್ನು ಹೇಳೋಣ. ೧೯೫೦ನೆಯ ಇಸವಿ ಅಕ್ಟೋಬರ್ ತಿಂಗಳ ೨ನೆಯ ತಾರೀಖು ಕಳೆದು ೩ನೆಯದು ಹುಟ್ಟುವ ಅಪರಾತ್ರಿಯಲ್ಲಿ, ಪೀಕಿಂಗ್ ನಗರದಲ್ಲಿದ್ದ ಪಣಿಕ್ಕರರಿಗೆ ಚೀಣದ ಪ್ರಧಾನಿ ಚೌ ಎನ್‌ಲಾಯರಿಂದ ಕರೆ ಬಂದಿತು. ಕೊರಿಯಾದಲ್ಲಿ ಅಮೆರಿಕದ ಸೈನ್ಯವು ೩೮ನೆಯ ಅಕ್ಷಾಂಶವನ್ನು ದಾಟಿ ಬಡಗಲಿಗೆ ನುಗ್ಗಿದರೆ ಚೀಣವು ಸುಮ್ಮನಿರಲಾರದು ಎಂಬುದೇ ಚೌ ಅವರು ತಿಳಿಸಿದ ವಿಷಯ. ಪಣಿಕ್ಕರರು ಅದನ್ನು ತತ್‌ಕ್ಷಣವೇ ದಿಲ್ಲಿಗೆ ತಿಳಿಸಿದರು. ದಿಲ್ಲಿಯವರು ಲಂಡನ್ನಿಗೂ ವಾಷಿಂಗ್ಟನ್ನಿಗೂ ತಲಪಿಸಿದರು. ಅಲ್ಲಿ ಅದನ್ನು ನಂಬಲಿಲ್ಲ. ಅಧ್ಯಕ್ಷ ಟ್ರೂಮನ್ನರಿಗೆ ಈ ರಾಯಭಾರಿಯ ಮೇಲೆಯೇ ಸಂಶಯ. ಚೀಣದವರ ಕಡೆಗೆ ವಾಲಿದ ಮನುಷ್ಯನೆಂದು ಅವರ ಎಣಿಕೆ. ಅಮೆರಿಕದ ಸೈನ್ಯವು ಗೆರೆಯನ್ನು ದಾಟಿತು. ಅದೇ ತಿಂಗಳು ಚೀಣದ ದಂಡು ಯಾಲೂ ನದಿಯನ್ನು ದಾಟಿ ಬಂದಿತು. ಯುದ್ಧವು ೧೯೫೩ನೆಯ ಜುಲೈವರೆಗೆ ಎಳೆಯಿತು. ರಾಯಭಾರಿಯ ಕರ್ತವ್ಯವು ಕೇಳಿದ್ದನ್ನು ಕೇಳಿದಂತೆ ಒಪ್ಪಿಸುವುದು. ಅದು ಒಡೆಯರಿಗೆ ಹಿತವಾಗುವುದೋ ಇಲ್ಲವೋ ಎಂದು ತೂಗಿ ನೋಡುವುದಲ್ಲ. ಪತ್ರಿಕೆಯ ಮೇಜಿನ ಮುಂದೆ ಕುಳಿತು ಪಳಗಿದವನಿಗೆ ಸುದ್ದಿಯ ಬೆಲೆ ತಿಳಿದಿತ್ತು ಎಂದರೆ ತಪ್ಪಾಗದು.

ಇದೇ ಕೊರಿಯಾದ ಸಂಗತಿಯಲ್ಲಿ ಭೂಮಂಡಲದ ಇನ್ನೊಂದು ಕೊನೆಯಲ್ಲಿ ನಮ್ಮ ಮಂಗಳೂರಿನವರೊಬ್ಬರು ಇದ್ದರೆಂಬುದನ್ನು ಕನ್ನಡ ವಾಚಕರು ಬಲ್ಲರೋ ಇಲ್ಲವೋ. ಬೆನಗಲ್ ನರಸಿಂಗರಾಯರು ಆಗ ರಾಷ್ಟ್ರಸಂಘದಲ್ಲಿ ಭಾರತದ ಪ್ರತಿನಿಧಿಗಳು. ಯುದ್ಧವು ಸ್ಫೋಟಗೊಂಡ ೧೯೫೦ನೆಯ ಜೂನ್ ತಿಂಗಳಿನಲ್ಲಿ ಭದ್ರತಾ ಮಂಡಲಿಯ ಅಧ್ಯಕ್ಷಪೀಠದಲ್ಲಿದ್ದವರು ಅವರೇ. ಜೂನ್ ೨೫ರ ನಿರ್ಣಯಕ್ಕೆ ಅವರು ಸಮ್ಮತಿಯಿತ್ತರು. ೨೭ರ ನಿರ್ಣಯದ ಹೊತ್ತಿಗೆ ದಿಲ್ಲಿಯಿಂದ ಅಪ್ಪಣೆಯು ಬಾರದೆ ಇದ್ದುದರಿಂದ ಮತದಾನದಲ್ಲಿ ಸೇರಲಿಲ್ಲ. ಅಧ್ಯಕ್ಷರಾಗಿದ್ದೂ ಕೈಯೆತ್ತದೆ ಕುಳಿತ ಆ ಸಂಯಮವನ್ನು ಹೇಡಿತನವೆಂದು ನಕ್ಕವರು ಇದ್ದಿರಬಹುದು. ನಮಗೆ ಅದು ಶ್ರೇಷ್ಠ ಸೇವಕನ ಲಕ್ಷಣವಾಗಿ ಕಾಣುತ್ತದೆ. ಆ ವರ್ಷದ ಕೊನೆಯಲ್ಲಿ ಕದನವಿರಾಮದ ದಾರಿಯನ್ನು ಹುಡುಕಲು ಮೂವರ ಮಂಡಲಿಯೊಂದು ಏರ್ಪಟ್ಟಾಗ ನರಸಿಂಗರಾಯರು ಅದರಲ್ಲೊಬ್ಬರಾಗಿದ್ದರು. ಇವರ ಮಾತನ್ನು ಮುಂದೆ ಮತ್ತೆ ಎತ್ತಬೇಕಾಗಿದೆ.

ಇನ್ನು ದೋಷದ ಕಡೆ. ಪಣಿಕ್ಕರರು ಪೀಕಿಂಗಿನಲ್ಲಿ ರಾಯಭಾರಿ ಮಾತ್ರರಾಗಿರಲಿಲ್ಲ, ಇತಿಹಾಸಕಾರರೂ ಆಗಿದ್ದರು. ೧೪೯೮ರಲ್ಲಿ ವಾಸ್ಕೋ ಡ ಗಾಮನ ಹಡಗು ಕಲ್ಲಿಕೋಟೆಗೆ ಬಂದಂದಿನಿಂದ ೧೯೪೫ರವರೆಗೆ ಏಷ್ಯದ ಮೇಲೆ ನಡೆದ ಪಾಶ್ಚಾತ್ಯರ ದರ್ಪವು ಒಂದು ಯುಗ, ಅದು ಮುಗಿಯಿತು ಎಂಬುದು ಅವರ ಸಿದ್ಧಾಂತ. ೧೯೫೩ರಲ್ಲಿ ಪ್ರಕಟವಾದ ಅವರ ಮಹಾಗ್ರಂಥದ ಜೀವಾಳವೇ ಅದು. ಹೊಸ ಚೀಣವು ಆ ಯುಗಾಂತ್ಯದ ಜೀವಂತ ಪ್ರಮಾಣವೆಂದು ಅವರಿಗೆ ಕಂಡಿರಬೇಕು. ತನ್ನ ಪುಸ್ತಕವನ್ನು ಸತ್ಯವಾಗಿಸುತ್ತಿರುವ ರಾಷ್ಟ್ರದ ಮೇಲೆ ಗ್ರಂಥಕರ್ತನಿಗೆ ಅನುಮಾನವು ಸುಲಭವಾಗಿ ಹುಟ್ಟದು. ಟಿಬೆಟ್ಟಿನೊಳಗೆ ಚೀಣದ ಸೈನ್ಯವು ೧೯೫೦ರ ಅಕ್ಟೋಬರಿನಲ್ಲಿ ನುಗ್ಗಿದಾಗ ದಿಲ್ಲಿಗೆ ಸಕಾಲದಲ್ಲಿ ಎಚ್ಚರಿಕೆಯು ಸಾಲದೆ ಹೋಯಿತು. ಸರ್ದಾರ್ ಪಟೇಲರು ನವೆಂಬರ್ ೭ರಂದು ನೆಹರೂರವರಿಗೆ ಬರೆದ ಪ್ರಸಿದ್ಧ ಪತ್ರದಲ್ಲಿ ನಮ್ಮ ರಾಯಭಾರಿಯ ನಡತೆಯನ್ನು ಕಟುವಾಗಿಯೇ ಟೀಕಿಸಿದರು. ಪಾಂಡಿತ್ಯವು ಒಂದು ಕಡೆ ಕಣ್ಣು ತೆರೆಯಿಸಿ ಮತ್ತೊಂದು ಕಡೆ ಮುಚ್ಚಿಸಿತು.

ಆದರೆ ಸಮುದ್ರದ ವಿಷಯದಲ್ಲಿ ಮಾತ್ರ ಅವರ ಕಣ್ಣು ಮುಚ್ಚಿರಲಿಲ್ಲ. ಭಾರತದ ಸ್ವಾತಂತ್ರ್ಯವನ್ನು ಕಳೆದದ್ದು ಹಿಮಾಲಯದ ಕಣಿವೆಗಳಲ್ಲ, ಕಾವಲಿಲ್ಲದ ಕಡಲು. ಹಿಂದೂ ಮಹಾಸಾಗರದಲ್ಲಿ ಬಲವಿಲ್ಲದ ಭಾರತಕ್ಕೆ ಕ್ಷೇಮವಿಲ್ಲ ಎಂಬರ್ಥದ ಗ್ರಂಥವನ್ನು ಅವರು ೧೯೪೫ರಲ್ಲಿಯೇ ಪ್ರಕಟಿಸಿದರು. ಆಗ ಓದಿದವರು ಕೆಲವರು. ಅರುವತ್ತು ವರ್ಷಗಳ ಮೇಲೆ, ೨೦೦೫ರಲ್ಲಿ, ನಮ್ಮ ಕಾರವಾರದಲ್ಲಿ ಕದಂಬ ನೌಕಾನೆಲೆಯು ಉದ್ಘಾಟನೆಯಾಯಿತು. ಬಯಲುಸೀಮೆಯ ನಾವು ಕೆರೆಯನ್ನೇ ಸಮುದ್ರವೆಂದು ಕರೆದು ತೃಪ್ತರಾದವರು. ಆ ಮಾತೇ ಸವೆದು ಸಂದ್ರವಾಗಿ ಚಿಕ್ಕಲಸಂದ್ರದಂಥ ಎಷ್ಟೋ ಊರುಗಳ ಹೆಸರಿನ ಬಾಲವಾಗಿದೆ ಎನ್ನುತ್ತಾರೆ. ನಿಜವಾದ ಸಮುದ್ರವೂ ಕರ್ನಾಟಕದ್ದೇ, ಬಸರೂರು ಹೊನ್ನಾವರಗಳ ಬಂದರುಗಳಿಗಾಗಿ ಪೋರ್ತುಗೀಸರು ಹೊಡೆದಾಡಿದ್ದರು, ಉಳ್ಳಾಲದ ಅಬ್ಬಕ್ಕದೇವಿಯು ಅವರನ್ನು ಇದಿರಿಸಿದ್ದಳು ಎಂಬ ಅರಿವು ಏಕೀಕರಣವಾಗಿ ಕರಾವಳಿಯು ಕೂಡಿಕೊಂಡ ಮೇಲಾದರೂ ನಮಗೆ ಬರಬೇಕಾಗಿತ್ತು.

ಈಗ ಗಡಿಯ ವಿಷಯಕ್ಕೆ ಬರೋಣ. ರಾಜ್ಯ ಪುನರ್ವಿಂಗಡಣಾ ಆಯೋಗವು ೧೯೫೩ನೆಯ ಡಿಸೆಂಬರಿನಲ್ಲಿ ನೇಮಕವಾಗಿ ೧೯೫೫ನೆಯ ಸೆಪ್ಟೆಂಬರ್ ೩೦ರಂದು ವರದಿಯನ್ನೊಪ್ಪಿಸಿತು. ಅದಕ್ಕೆ ಬಂದ ಮನವಿ ಕಾಗದಗಳು ೧,೫೨,೨೫೦. ಅದು ಸಂದರ್ಶಿಸಿದ ಜನರು ೯,೦೦೦ಕ್ಕೂ ಮೇಲೆ. ಹಳೆಯ ಮೈಸೂರಿನ ಕೆಲವು ಪ್ರಮುಖರು ತಮ್ಮ ಸಂಸ್ಥಾನವು ತಮಗೇ ಇರಲಿ, ಕನ್ನಡಿಗರಿಗೆ ಎರಡು ರಾಜ್ಯಗಳಾದರೇನು ಎಂದು ವಾದಿಸಿದರು. ಆಯೋಗವು ಅದನ್ನೊಪ್ಪದೆ, ಮುಂಬಯಿ, ಹೈದರಾಬಾದು, ಮದ್ರಾಸು, ಕೊಡಗು, ಮೈಸೂರುಗಳಲ್ಲಿ ಚದುರಿದ್ದ ಕನ್ನಡಿಗರಿಗೆ ಒಂದೇ ರಾಜ್ಯವಾಗಲಿ, ಅದರ ಹೆಸರು ಕರ್ನಾಟಕವಾಗಲಿ ಎಂದಿತು. ಹೆಸರಿಗೆ ನಾವೇ ೧೯೭೩ರವರೆಗೆ ಕಾಯಿಸಿದೆವು! ಆಲೂರು ವೆಂಕಟರಾಯರಂಥವರು ಅರ್ಧ ಶತಮಾನ ದುಡಿದ ಕೆಲಸಕ್ಕೆ ಮುದ್ರೆಯೊತ್ತಿದ ಮೂರು ಕೈಗಳಲ್ಲಿ ಪಣಿಕ್ಕರರದೂ ಒಂದು ಎಂಬುದನ್ನು ನಮ್ಮ ಮಿತ್ರರು ಮರೆಯಬಾರದು.

ಅದೇ ವರದಿಯು ಎರಡು ಕಡೆ ನಮ್ಮನ್ನು ನೋಯಿಸಿತು. ತುಂಗಭದ್ರೆಯ ಅಣೆಕಟ್ಟನ್ನು ನೆನೆದು ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲ್ಲೂಕುಗಳು ಆಂಧ್ರಕ್ಕೆ ಹೋಗಲಿ ಎಂದಿತು. ೧೯೫೩ರ ಅಕ್ಟೋಬರ್ ೧ರಂದಷ್ಟೇ ಮೈಸೂರಿಗೆ ಬಂದಿದ್ದ ಬಳ್ಳಾರಿಯು ಮತ್ತೆ ಕೈಬಿಡುವ ಪ್ರಸಂಗವೊದಗಿತು. ಕೇಂದ್ರ ಸರಕಾರವು ಆ ಶಿಫಾರಸನ್ನು ಒಪ್ಪದುದರಿಂದ ಬದುಕಿದೆವು. ಕಾಸರಗೋಡಿನಲ್ಲಿ ಅಂಥ ಭಾಗ್ಯವಿರಲಿಲ್ಲ. ತಾಲ್ಲೂಕಿನಲ್ಲಿ ನೂರಕ್ಕೆ ೭೦ಕ್ಕೂ ಮೇಲೆ ಮಲಯಾಳ ಮಾತಿನವರೆಂಬ ಜನಗಣತಿಯ ಅಂಕವನ್ನು ಆಯೋಗವು ಆಧಾರವಾಗಿ ಹಿಡಿಯಿತು. ಕನ್ನಡಿಗರ ವಾದವು ಬೇರೆ: ತಾಲ್ಲೂಕನ್ನು ಇಡಿಯಾಗಿ ಎಣಿಸಬೇಡಿ, ಚಂದ್ರಗಿರಿ ಹೊಳೆಯನ್ನು ಎಲ್ಲೆಯೆಂದು ಹಿಡಿಯಿರಿ, ಹೊಳೆಯ ಬಡಗಣ ಭಾಗದಲ್ಲಿ ತುಳು, ಕೊಂಕಣಿ ಮನೆಮಾತಿನವರಿಗೂ ಶಾಲೆಯ ಮಾತು, ಪತ್ರವ್ಯವಹಾರದ ಮಾತು ಕನ್ನಡವೇ ಅಲ್ಲವೇ ಎಂದು ಅವರು ಕೇಳಿದರು. ತಾಲ್ಲೂಕನ್ನು ಸೀಳಲು ಆಯೋಗಕ್ಕೆ ಮನಸ್ಸಾಗಲಿಲ್ಲ.

ಇದರಲ್ಲಿ ಪಣಿಕ್ಕರರ ಕೈವಾಡವೆಷ್ಟು? ಬಿಸಿ ರಕ್ತದ ನಮ್ಮ ತರುಣರು ಎಲ್ಲವೂ ಅವರದೇ ಎನ್ನುತ್ತಾರೆ. ಅದು ನ್ಯಾಯವಲ್ಲ. ಅದೇ ಆಯೋಗವು ಪಣಿಕ್ಕರರ ಹುಟ್ಟುನಾಡಾದ ತಿರುವಾಂಕೂರಿನಿಂದ ಕನ್ಯಾಕುಮಾರಿ ಕಡೆಯ ನಾಲ್ಕು ತಾಲ್ಲೂಕುಗಳನ್ನೂ ಶೆಂಕೋಟೆಯನ್ನೂ ಬಿಡಿಸಿ ಮದ್ರಾಸಿಗೆ ಕೊಟ್ಟಿತು. ಸ್ವಜನಪಕ್ಷಪಾತವೊಂದೇ ಅವರ ಲೇಖನಿಯನ್ನು ನಡೆಸಿದ್ದರೆ ಹಾಗಾಗುತ್ತಿರಲಿಲ್ಲ. ಆದರೂ ನಮ್ಮ ಆಕ್ಷೇಪವೊಂದು ಉಳಿದೇ ಇದೆ. ಆಯೋಗದ ಅಧ್ಯಕ್ಷ ಫಜಲ್ ಅಲಿಯವರು ಬಿಹಾರದೊಡನೆ ದೀರ್ಘಕಾಲ ಸಂಬಂಧವಿದ್ದವರು. ಆ ಕಾರಣದಿಂದಲೇ ಬಿಹಾರಕ್ಕೂ ಬಂಗಾಳಕ್ಕೂ, ಬಿಹಾರಕ್ಕೂ ಒರಿಸ್ಸಕ್ಕೂ ಇದ್ದ ಗಡಿತಂಟೆಗಳ ವಿಚಾರಣೆಯಲ್ಲಿ ತಾವು ಭಾಗವಹಿಸಲಿಲ್ಲವೆಂದು ವರದಿಯಲ್ಲಿಯೇ ಬರೆದಿಟ್ಟರು. ಪಕ್ಷಪಾತವಿತ್ತೆಂದಲ್ಲ, ಪಕ್ಷಪಾತದ ಸಂದೇಹಕ್ಕೂ ಎಡೆಯಿರಬಾರದೆಂದು. ಒಂದೇ ಪೀಠದಲ್ಲಿ ಕುಳಿತ ಪಣಿಕ್ಕರರ ಮುಂದೆ ಈ ಮೇಲ್ಪಂಕ್ತಿಯಿತ್ತು. ಕೇರಳದ ಎಲ್ಲೆಗಳ ಸಂಗತಿಯಲ್ಲಿ ಅವರೂ ಹೀಗೆಯೇ ಹಿಂದೆ ಸರಿದು ನಿಂತಿದ್ದರೆ, ತೀರ್ಮಾನವು ಇದೇ ಆಗಿದ್ದರೂ ಕಾಸರಗೋಡಿನ ಕನ್ನಡಿಗನ ಹೃದಯದಲ್ಲಿ ಸಂಶಯದ ಮುಳ್ಳು ಮುರಿದುಕೊಂಡು ಉಳಿಯುತ್ತಿರಲಿಲ್ಲ. ಭಿನ್ನಮತವನ್ನು ಬರೆಯಲು ಬಾರದವರೇನೂ ಅವರಲ್ಲ; ಉತ್ತರಪ್ರದೇಶವು ಮಿತಿಮೀರಿ ದೊಡ್ಡದಾಯಿತು, ಅದನ್ನು ವಿಭಾಗಿಸಬೇಕು ಎಂದು ತಾವೊಬ್ಬರೇ ಪ್ರತ್ಯೇಕ ಟಿಪ್ಪಣಿಯನ್ನು ಬರೆದು ವರದಿಗೆ ಸೇರಿಸಿದರು. ದೂರದ ಗಂಗಾತೀರದಲ್ಲಿ ತೋರಿದ ಈ ನಿಷ್ಠುರತೆಯು ಮನೆಯ ಬೇಲಿಯ ಬಳಿಯೂ ತೋರಬೇಕಿತ್ತು.

ನಮ್ಮ ದೂರು ಕಟ್ಟುಕಥೆಯಲ್ಲವೆಂಬುದಕ್ಕೆ ಸಾಕ್ಷಿಯು ಹನ್ನೆರಡು ವರ್ಷಗಳ ಮೇಲೆ ಸಿಕ್ಕಿತು. ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರಾಗಿದ್ದ ಮೆಹರ್‌ಚಂದ್ ಮಹಾಜನರ ಆಯೋಗವು ೧೯೬೭ರಲ್ಲಿ ಚಂದ್ರಗಿರಿಯ ಬಡಗಣ ಭಾಗವು ಮೈಸೂರು ರಾಜ್ಯಕ್ಕೆ ಸೇರತಕ್ಕದ್ದೆಂದು ಹೇಳಿತು. ಅದು ಜಾರಿಗೆ ಬರಲಿಲ್ಲ. ಬೆಳಗಾವಿಗೆ ಮಹಾಜನ ವರದಿಯನ್ನು ನಿತ್ಯಮಂತ್ರದಂತೆ ಪಠಿಸುವ ನಮ್ಮ ಮುಂದಾಳುಗಳು ಕಾಸರಗೋಡಿನ ಅಧ್ಯಾಯಕ್ಕೆ ಬಂದಾಗ ಪುಟವನ್ನು ಮಗುಚುತ್ತಾರೆ. ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬಾಳಿ ೨೦೧೫ರಲ್ಲಿ ಕಣ್ಮುಚ್ಚುವವರೆಗೂ ಆ ಅಧ್ಯಾಯವನ್ನು ಮುಚ್ಚಗೊಡಲಿಲ್ಲ. ೨೦೧೭ರಲ್ಲಿ ಕೇರಳ ಸರಕಾರವು ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯಗೊಳಿಸ ಹೊರಟಾಗ ಅಲ್ಲಿನ ಕನ್ನಡಿಗರು ಬೀದಿಗಿಳಿದು ಪ್ರತಿಭಟಿಸಬೇಕಾಯಿತು. ಇಂದಿನ ಬೆಂಗಳೂರಿನಲ್ಲಿ ಕುಳಿತವರಿಗೆ ಇದು ಪರಸ್ಥಳದ ವರ್ತಮಾನವೆಂದು ತೋರುವುದು ನಮ್ಮ ದೌರ್ಭಾಗ್ಯ.

ಪಣಿಕ್ಕರರು ಮೈಸೂರಿಗೆ ಬಂದುದು ೧೯೬೩ರಲ್ಲಿ. ಕುವೆಂಪುರವರು ೧೯೬೦ರವರೆಗೆ ಕುಳಿತು ಮಾನಸಗಂಗೋತ್ರಿಯನ್ನು ಕಟ್ಟಿದ ಪೀಠವದು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡರು. ಕನ್ನಡದ ರಾಷ್ಟ್ರಕವಿಯ ಮನೆಯು, ಆಯೋಗವು ಎಳೆದ ಗೆರೆಯ ದೆಸೆಯಿಂದ, ಕೇರಳದಲ್ಲಿತ್ತು. ಮೂರು ತಿಂಗಳ ಮೇಲೆ, ಡಿಸೆಂಬರ್ ೧೦ರಂದು, ಆ ಗೆರೆಯನ್ನು ಎಳೆದವರಲ್ಲೊಬ್ಬರಾದ ಪಣಿಕ್ಕರರು ಕನ್ನಡಿಗರ ವಿಶ್ವವಿದ್ಯಾನಿಲಯದ ಸೇವೆಯಲ್ಲಿರುವಾಗಲೇ ಕಾಲವಾದರು. ಒಂದು ವರ್ಷವೂ ತುಂಬದ ಆ ಅಧಿಕಾರಾವಧಿಯನ್ನು ಹಿಡಿದು ಅವರನ್ನು ಹೊಗಳುವುದೂ ತೆಗಳುವುದೂ ಅಸಂಗತ.

ಆದುದರಿಂದ ಮಿತ್ರರ ಪ್ರಶ್ನೆಗೆ ನಮ್ಮ ಉತ್ತರವಿದು: ವಿದ್ವಾಂಸನನ್ನು ಬರಮಾಡಿಕೊಂಡುದು ತಪ್ಪಲ್ಲ, ಗಡಿಯ ಮುನಿಸನ್ನು ಸರಸ್ವತಿಯ ಮಂದಿರದೊಳಕ್ಕೆ ತರದಿದ್ದುದು ಕನ್ನಡಿಗರಿಗೆ ಶೋಭೆ. ಮರೆತದ್ದು ಬೇರೊಂದನ್ನು. ಪಣಿಕ್ಕರರಿಂದ ಕಲಿಯತಕ್ಕ ಪಾಠವನ್ನೇ ಕಲಿಯದೆ ಬಿಟ್ಟೆವು.

ಆ ಪಾಠವು ಯಾವುದೆಂದರೆ, ಪೀಕಿಂಗು ಪ್ಯಾರಿಸುಗಳನ್ನು ಕಂಡ ಈ ರಾಯಭಾರಿಯು ತನ್ನ ತಾಯ್ನುಡಿಯನ್ನು ಒಂದು ದಿನವೂ ಕೈಬಿಡಲಿಲ್ಲ. ಆತನು ಮಲಯಾಳದಲ್ಲಿ ಕಾದಂಬರಿಗಳನ್ನು ಬರೆದನು, ಕಾವ್ಯವನ್ನು ಬರೆದನು, ಆತ್ಮಕಥೆಯನ್ನೂ ಅದೇ ಮಾತಿನಲ್ಲಿ ಬರೆದನು. ೧೯೫೬ರಲ್ಲಿ ಕೇರಳ ಸಾಹಿತ್ಯ ಅಕಾಡೆಮಿಯು ಹುಟ್ಟಿದಾಗ ಅದರ ಮೊದಲ ಅಧ್ಯಕ್ಷನಾದನು. ಪರರಾಷ್ಟ್ರಗಳ ರಾಜಕಾರಣವು ಹೇಗೆ ನಡೆಯುತ್ತದೆಂಬುದನ್ನು ಮಲಯಾಳದ ಹಳ್ಳಿಯ ಉಪಾಧ್ಯಾಯನು ತನ್ನ ಮಾತಿನಲ್ಲಿಯೇ ಓದಬಹುದಾಗಿತ್ತು.

ನಮ್ಮವರ ಕಡೆಗೆ ತಿರುಗಿ ನೋಡಿರಿ. ನರಸಿಂಗರಾಯರು ರಾಜ್ಯಾಂಗ ಸಭೆಯ ಸಲಹೆಗಾರರಾಗಿ ಸಂಬಳವಿಲ್ಲದೆ ದುಡಿದು ೧೯೪೭ರಲ್ಲಿ ಮೊದಲ ಕರಡನ್ನು ಬರೆದವರು. ಕೀರ್ತಿಯಲ್ಲಿ ಅವರಿಗೂ ಪಾಲಿದೆಯೆಂದು ಅಂಬೇಡ್ಕರರೇ ೧೯೪೯ರ ನವೆಂಬರಿನಲ್ಲಿ ಸಭೆಯ ಮುಂದೆ ಹೇಳಿದರು. ಅವರು ೧೯೫೩ರಲ್ಲಿ ತೀರಿಕೊಂಡ ಮೇಲೆ ಅವರ ಬರಹಗಳನ್ನು ೧೯೬೦ರಲ್ಲಿ ಗ್ರಂಥವಾಗಿಸಿದವರು ತಮ್ಮ ಬೆನಗಲ್ ಶಿವರಾಯರು. ಈ ಶಿವರಾಯರೂ ಪಣಿಕ್ಕರರಂತೆಯೇ ಬಹುಮುಖರು: ಹಿಂದೂ ಪತ್ರಿಕೆಯ, ಮ್ಯಾಂಚೆಸ್ಟರ್ ಗಾರ್ಡಿಯನ್ನಿನ ಬಾತ್ಮೀದಾರರು, ಕಾರ್ಮಿಕರ ಪರವಾಗಿ ದುಂಡುಮೇಜಿನ ಪರಿಷತ್ತಿಗೆ ಹೋದವರು, ೧೯೫೨ರಲ್ಲಿ ದಕ್ಷಿಣ ಕನ್ನಡದಿಂದ ಲೋಕಸಭೆಗೆ ಆರಿಸಿಬಂದವರು, ರಾಷ್ಟ್ರಸಂಘದಲ್ಲಿ ಭಾರತದ ನಿಯೋಗದವರು. ರಾಜ್ಯಾಂಗ ರಚನೆಯ ದಾಖಲೆಗಳನ್ನು ೧೯೬೬ರಿಂದ ೧೯೬೮ರೊಳಗೆ ಐದು ಸಂಪುಟಗಳಲ್ಲಿ ಅವರು ಹೊರತಂದಿರದಿದ್ದರೆ ಇಂದಿನ ಸಂಶೋಧಕರು ಕತ್ತಲಲ್ಲಿ ತಡಕಾಡಬೇಕಾಗುತ್ತಿತ್ತು. ತುಳುನಾಡಿನ ಚರಿತ್ರೆಯನ್ನೂ ಭಾರತದ ಪ್ರಾಚೀನ ರಾಯಭಾರ ಸಂಬಂಧಗಳನ್ನೂ ಬರೆದ ಭಾಸ್ಕರ ಆನಂದ ಸಾಲೆತೊರೆಯವರ ಮಹಾಗ್ರಂಥಗಳೂ ನಮ್ಮವೇ. ಇವೆಲ್ಲವೂ ಇಂಗ್ಲಿಷಿನಲ್ಲಿವೆ. ಬೆನಗಲ್ ಸೋದರರ ಮನೆಮಾತು ಕೊಂಕಣಿ, ಕಾಲವು ಇಂಗ್ಲಿಷಿನದು, ಸಭೆಯು ದಿಲ್ಲಿಯದು ಎಂಬ ಸಮಾಧಾನವನ್ನು ಒಪ್ಪಿಕೊಳ್ಳೋಣ. ಅವರು ಬರೆಯಲಿಲ್ಲವೆಂದು ಅವರನ್ನು ದೂರುವುದಕ್ಕಿಂತ, ಅವರ ಗ್ರಂಥಗಳು ಹೊರಬಂದು ಅರುವತ್ತು ವರ್ಷಗಳಾದರೂ ಅವುಗಳ ಸಾರವನ್ನು ನಮ್ಮ ಪ್ರೌಢಶಾಲೆಯ ಹುಡುಗರಿಗೆ ಕನ್ನಡದಲ್ಲಿ ಉಣಬಡಿಸದ ನಮ್ಮ ವಿದ್ಯಾಪೀಠಗಳನ್ನು ಕೇಳುವುದು ನ್ಯಾಯ.

ಇಂದಿಗೂ ಸ್ಥಿತಿಯು ಹೆಚ್ಚು ಭಿನ್ನವಲ್ಲ. ನಿವೃತ್ತ ರಾಯಭಾರಿಗಳು ಅನೇಕರು ಬೆಂಗಳೂರಿನಲ್ಲಿ ನೆಲಸಿದ್ದಾರೆ. ೧೯೮೭ರಲ್ಲಿ ಪ್ರಧಾನಿಯು ಪತ್ರಿಕಾಗೋಷ್ಠಿಯಲ್ಲಿ ಆಡಿದ ಮಾತಿನಿಂದ ಪದವಿಯನ್ನು ತ್ಯಜಿಸಿ ಬಂದ ವೆಂಕಟೇಶ್ವರನ್ನರು ಇಲ್ಲಿಯೇ ಬಾಳಿದರು. ಬೆಂಗಳೂರಿನಲ್ಲಿಯೇ ಓದಿ ಚೀಣಾ, ಅಮೆರಿಕಾ ದೇಶಗಳಲ್ಲಿ ರಾಯಭಾರಿಯಾಗಿ, ೨೦೦೯ರಿಂದ ೨೦೧೧ರವರೆಗೆ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ನಿರುಪಮಾ ರಾವ್ ಅವರು ಹಿಮಾಲಯದ ಗಡಿಯನ್ನು ಕುರಿತು ೨೦೨೧ರಲ್ಲಿ ದೊಡ್ಡ ಗ್ರಂಥವನ್ನು ಬರೆದರು. ವಿದೇಶನೀತಿಯ ಸಂಶೋಧನೆಯನ್ನೂ ನಡೆಸುವ ತಕ್ಷಶಿಲಾ ಮೊದಲಾದ ಸಂಸ್ಥೆಗಳು ಈ ಊರಿನಲ್ಲಿವೆ. ಅವರ ಉಪನ್ಯಾಸಗಳು ಬಹುಮಟ್ಟಿಗೆ ನಡೆಯುವುದು ಇಂಗ್ಲಿಷಿನಲ್ಲಿ, ಊರ ನಡುವಣ ಸಭಾಂಗಣಗಳಲ್ಲಿ; ಚಿಕ್ಕಲಸಂದ್ರ ಉತ್ತರಹಳ್ಳಿಗಳ ಉಪಾಧ್ಯಾಯನವರೆಗೆ ಅವುಗಳ ದನಿಯು ಬಾರದು. ಡಿ. ವಿ. ಗುಂಡಪ್ಪನವರು ೧೯೪೫ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದಾಗ ರಾಜ್ಯಶಾಸ್ತ್ರವನ್ನು ಕನ್ನಡದಲ್ಲಿ ಆಡಿ ತೋರಿಸಿದ್ದು ಬಸವನಗುಡಿಯ ಈ ದಿಕ್ಕಿನಲ್ಲಿಯೇ ಅಲ್ಲವೇ?

ಮೈಸೂರು ವಿಶ್ವವಿದ್ಯಾನಿಲಯದ ಪ್ರಸಾರಾಂಗವು ಒಂದು ಕಾಲದಲ್ಲಿ ಊರೂರಿಗೆ ಪಂಡಿತರನ್ನು ಕಳುಹಿಸಿ ಪ್ರಚಾರೋಪನ್ಯಾಸಗಳನ್ನು ನಡೆಸಿ, ಅವುಗಳನ್ನು ಅಲ್ಪ ಬೆಲೆಯ ಕಿರುಹೊತ್ತಗೆಗಳಾಗಿ ಅಚ್ಚು ಹಾಕಿಸಿತು. ಪಣಿಕ್ಕರರು ಕುಳಿತ ಪೀಠದ ಇಂದಿನ ಅಧಿಕಾರಿಗಳನ್ನು ನಾವು ಕೇಳುವುದು ಹೆಚ್ಚೇನಲ್ಲ. ೧೯೫೫ರ ವರದಿಯಲ್ಲಿ ಕರ್ನಾಟಕವನ್ನೂ ಕೇರಳವನ್ನೂ ಕುರಿತ ಅಧ್ಯಾಯಗಳು, ಬಿಹಾರದ ಬಗ್ಗೆ ಫಜಲ್ ಅಲಿಯವರು ಬರೆದಿಟ್ಟ ಮಾತು, ಉತ್ತರಪ್ರದೇಶದ ಬಗ್ಗೆ ಪಣಿಕ್ಕರರ ಟಿಪ್ಪಣಿ, ೧೯೬೭ರ ಮಹಾಜನ ವರದಿಯ ಕಾಸರಗೋಡಿನ ಅಧ್ಯಾಯ, ಇವಿಷ್ಟನ್ನೂ ಪರಿಷ್ಕರಿಸಿ, ಕನ್ನಡಕ್ಕೆ ತಂದು, ಒಂದು ಹೊತ್ತಗೆಯಲ್ಲಿ ಮುದ್ರಿಸಲಿ. ಅದರ ಪ್ರತಿಯೊಂದು ನಾಡಿನ ಪ್ರತಿ ಪ್ರೌಢಶಾಲೆಗೆ ಹೋಗಲಿ. ಮಂಜೇಶ್ವರ, ಕುಂಬಳೆ, ಬದಿಯಡ್ಕಗಳ ಕನ್ನಡ ಶಾಲೆಗಳಿಗೆ ಎಲ್ಲಕ್ಕಿಂತ ಮೊದಲು ತಲಪಲಿ.